ಯಾರೂ ಎರವಲು ಒಯ್ಯದ ಪುಸ್ತಕಗಳ ಪರವಾಗಿ

ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಮಾನವಿಕ ವಿಷಯಗಳ ರೆಫರೆನ್ಸ್ ವಿಭಾಗ ಇನ್ನು ಯಾಕೆ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಇವರು ಪುಸ್ತಕದ ದ್ವೇಷಿಗಳಲ್ಲ. ಬಹುಪಾಲು ಓದಿಕೊಂಡವರು, ಆಡಳಿತದ ಇಕ್ಕಟ್ಟು ಬಲ್ಲವರು, ವಿದ್ಯಾರ್ಥಿಗಳಿಗೆ ಒಳ್ಳೆಯದಾಗಲಿ ಎಂದೇ ಬಯಸುವವರು. ನಿಘಂಟು, ವಿಶ್ವಕೋಶ, ಗೆಜೆಟಿಯರು, ಶಾಸನ ಸಂಪುಟ ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಈ ದಪ್ಪ ಸಂಪುಟಗಳಿಗೆ ಜಾಗ, ಕಪಾಟು, ಸಿಬ್ಬಂದಿ ಯಾಕೆ ದಂಡ ಮಾಡಬೇಕು ಎಂಬುದು ಅವರ ವಾದ. ಕಪಾಟು ತೆರವಾದರೆ ಇನ್ನಷ್ಟು ಕುರ್ಚಿ ಹಾಕಬಹುದು, ಕಂಪ್ಯೂಟರ್ ಇಡಬಹುದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಕೂರಲು ಜಾಗ ಸಿಗುತ್ತದೆ. ಕೇಳಿದವರು ತಲೆಯಾಡಿಸುತ್ತಾರೆ. ಇದೀಗ ಇದು ವಾದವಾಗಿ ಉಳಿದಿಲ್ಲ, ಎಲ್ಲರೂ ಒಪ್ಪಿಕೊಂಡ ಸಂಗತಿಯ ಹಾಗೆ ಓಡಾಡುತ್ತಿದೆ.

ಈ ಅಭಿಪ್ರಾಯ ತಪ್ಪು. ಇಂಗ್ಲಿಷಿನಲ್ಲಿ ಮಾತ್ರ ಓದಿ ಬರೆಯುವ, ಲೋಕದ ಎಲ್ಲ ದತ್ತಕೋಶಗಳಿಗೂ ಚಂದಾ ಕಟ್ಟುವ ಶ್ರೀಮಂತ ವಿಶ್ವವಿದ್ಯಾನಿಲಯದಲ್ಲಿ ಅದು ಅರ್ಧ ನಿಜ ಇರಬಹುದು. ಮಂಗಳೂರಿನಲ್ಲಿ ಅದು ಪೂರ್ತಿ ತಪ್ಪು. ಈ ಊರಿನ ಮತ್ತು ಈ ಕರಾವಳಿಯ ಭಾಷೆ, ಇತಿಹಾಸ, ಆರಾಧನೆ, ಕಲೆಗಳ ಬಗ್ಗೆ ಏನನ್ನಾದರೂ ಆಧಾರಸಹಿತ ಹೇಳಬೇಕಾದರೆ ನಾವು ಕೈಚಾಚುವುದು ಅದೇ ಕಪಾಟಿನತ್ತ.

ಮೊದಲು, ಯಾರೂ ಮುಟ್ಟುವುದಿಲ್ಲ ಎಂಬ ಮಾತನ್ನು ನೋಡೋಣ. ಅದನ್ನು ಹೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ಯಾವ ಪುಸ್ತಕ ಎಷ್ಟು ಸಲ ಇಶ್ಯೂ ಆಗಿದೆ ಎಂಬ ಕಂಪ್ಯೂಟರಿನ ಲೆಕ್ಕ. ರೆಫರೆನ್ಸ್ ಪುಸ್ತಕಗಳ ಎದುರು ಆ ಪಟ್ಟಿಯಲ್ಲಿ ಸೊನ್ನೆ ಇದೆ. ಬೇರೇನು ಇರಲು ಸಾಧ್ಯ? ಆ ಪುಸ್ತಕಗಳ ಬೆನ್ನಿಗೆ ಎರವಲು ಕೊಡತಕ್ಕದ್ದಲ್ಲ ಎಂಬ ಚೀಟಿ ಅಂಟಿಸಿದ್ದು ಗ್ರಂಥಾಲಯವೇ. ಹೊರಗೆ ಒಯ್ಯಬಾರದು ಎಂದು ನಾವೇ ನಿಯಮ ಮಾಡಿ, ಹೊರಗೆ ಹೋಗಿಲ್ಲ ಎಂಬ ಕಾರಣಕ್ಕೆ ಅದನ್ನು ನಿರುಪಯೋಗಿ ಎಂದು ಬರೆಯುವುದು ಯಾವ ನ್ಯಾಯ? ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬೆಳಿಗ್ಗೆ ಬಂದು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ನಾಲ್ಕು ಸಂಪುಟ ಎಳೆದು, ಹತ್ತು ಪದ ನೋಡಿ, ಟಿಪ್ಪಣಿ ಮಾಡಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊರಟರೆ ಆ ಕಂಪ್ಯೂಟರಿನ ಪ್ರಕಾರ ಆ ದಿನ ಗ್ರಂಥಾಲಯದಲ್ಲಿ ಏನೂ ನಡೆದಿಲ್ಲ. ಅವಳ ಪ್ರಬಂಧದ ಮೂರನೆಯ ಅಧ್ಯಾಯ ನಿಂತಿರುವುದು ಆ ಹತ್ತು ಪದಗಳ ಮೇಲೆ. ಓದುಗರು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಸಂಜೆ ಕಪಾಟಿಗೆ ಸೇರಿಸುವ ಮೊದಲು ದಾಖಲು ಮಾಡಿಕೊಳ್ಳುವ ಪದ್ಧತಿ ಗ್ರಂಥಾಲಯ ಶಾಸ್ತ್ರಕ್ಕೆ ಹೊಸದೇನಲ್ಲ. ಆ ಲೆಕ್ಕವನ್ನು ಒಂದು ವರ್ಷವಾದರೂ ಇಡದೆ, ಯಾರೂ ಮುಟ್ಟುವುದಿಲ್ಲ ಎನ್ನುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ಸಂಗತಿಯೂ ಇದೆ. ಕಥೆ ಕಾದಂಬರಿಯನ್ನು ಬಹಳ ಜನ ಓದಬೇಕು, ಅದಕ್ಕೆ ಎಣಿಕೆ ಒಪ್ಪುತ್ತದೆ. ಶಾಸನ ಸಂಪುಟವನ್ನು ಹತ್ತು ವರ್ಷದಲ್ಲಿ ಮೂವರು ನೋಡಿದರೂ, ಆ ಮೂವರು ಬರೆದದ್ದನ್ನು ಸಾವಿರಾರು ಮಂದಿ ಪಠ್ಯವಾಗಿ ಓದುತ್ತಾರೆ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುವುದು ಗ್ರಂಥಾಲಯವೆಂದರೆ ಏನು ಎಂಬುದನ್ನೇ ಮರೆತವರ ಕೆಲಸ.

ಹೀಗೆ ಮರೆಯುವುದು ಮಂಗಳೂರಿಗೆ ಶೋಭಿಸುವುದಿಲ್ಲ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ ತಮ್ಮ ಅಧ್ಯಾಪನ ವೃತ್ತಿಯನ್ನು ಆರಂಭಿಸಿದ್ದು 1917ರಲ್ಲಿ, ಇದೇ ಊರಿನ ಸರಕಾರಿ ಕಾಲೇಜಿನಲ್ಲಿ, ಗಣಿತದ ಮೇಷ್ಟರಾಗಿ. ಹಂಪನಕಟ್ಟೆಯ ಆ ಕಾಲೇಜು ಇಂದು ಮಂಗಳೂರು ವಿಶ್ವವಿದ್ಯಾನಿಲಯದ ಘಟಕ ಕಾಲೇಜು. 1924ರಲ್ಲಿ ಅವರು ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕದ ಸಾರ್ಥಕತೆ ಅದರ ಬಳಕೆಯಲ್ಲಿದೆ ಎಂಬ ಅವರ ಮೊದಲ ಸೂತ್ರವನ್ನೇ ಈಗ ಕಪಾಟು ತೆರವು ಮಾಡುವವರು ಉದಾಹರಿಸುತ್ತಾರೆ. ಬಳಕೆಯಿಲ್ಲದ್ದನ್ನು ತೆಗೆಯಿರಿ ಎಂದು ರಂಗನಾಥನ್ನರೇ ಹೇಳಿದ್ದಾರಲ್ಲ ಎನ್ನುತ್ತಾರೆ. ಇದು ಆ ಹಿರಿಯರಿಗೆ ಮಾಡುವ ಅನ್ಯಾಯ. ರಂಗನಾಥನ್ ಬಳಕೆ ಎಂದಾಗ ಎರವಲನ್ನಷ್ಟೇ ಮನಸ್ಸಿನಲ್ಲಿಟ್ಟಿರಲಿಲ್ಲ. ಓದುಗನನ್ನೂ ಅವನಿಗೆ ಬೇಕಾದ ಆಕರವನ್ನೂ ಒಬ್ಬ ತಿಳಿದ ವ್ಯಕ್ತಿ ಎದುರುಬದುರು ಕೂಡಿಸುವ ಪರಾಮರ್ಶನ ಸೇವೆಯನ್ನು ಅವರು ಗ್ರಂಥಾಲಯದ ಕೆಲಸಗಳಲ್ಲೇ ಅತ್ಯುನ್ನತವಾದದ್ದೆಂದು ಕಂಡರು. 1940ರಲ್ಲಿ ಅದಕ್ಕೆಂದೇ ಪ್ರತ್ಯೇಕ ಗ್ರಂಥ ಹೊರತಂದರು. ಪುಸ್ತಕಗಳು ಸರಿಯಾಗಿ ಬಳಕೆಯಾಗುತ್ತಿಲ್ಲವೆಂದರೆ ಅವರ ಪ್ರಕಾರ ಮೊದಲು ಕೇಳಬೇಕಾದದ್ದು ಗ್ರಂಥಪಾಲಕ ಏನು ಮಾಡುತ್ತಿದ್ದಾನೆ ಎಂದು.

ಈಗ ಮುಖ್ಯ ವಾದಕ್ಕೆ ಬರುತ್ತೇನೆ. ಎಲ್ಲ ನೆಟ್ಟಿನಲ್ಲಿದೆ, ಹುಡುಕಿದರಾಯಿತು ಎನ್ನುವವರಿಗೆ ಈ ಜಿಲ್ಲೆಯ ಚರಿತ್ರೆಯ ಪರಿಚಯ ಕಡಿಮೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪೆನಿಯ ಕೈಗೆ ಹೋಯಿತು, ಮದ್ರಾಸಿನ ಅಧೀನವಾಯಿತು. 1862ರಲ್ಲಿ ಉತ್ತರ ಕೆನರಾ ಬೊಂಬಾಯಿಗೆ ಹೋಯಿತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು, ಕಾಸರಗೋಡು ಕೇರಳಕ್ಕೆ ಹೋಯಿತು. ಈ ಓಡಾಟದಲ್ಲಿ ನಮ್ಮ ದಾಖಲೆಗಳು ನಾಲ್ಕು ದಿಕ್ಕಿಗೆ ಹಂಚಿಹೋದವು. ಕರ್ನಾಟಕದ ಶಾಸನಗಳು ಎಲ್ಲಿವೆ ಎಂದು ಯಾರನ್ನು ಕೇಳಿದರೂ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎನ್ನುತ್ತಾರೆ. ವಿದ್ಯಾರ್ಥಿ ಅದರ ಸಂಪುಟಗಳಲ್ಲಿ ನಮ್ಮ ಕರಾವಳಿಯ ಬಾರಕೂರನ್ನು ಹುಡುಕುತ್ತಾನೆ, ಸಿಗುವುದಿಲ್ಲ. ರೈಸ್ ಕೆಲಸ ಮಾಡಿದ್ದು ಮೈಸೂರು ಸಂಸ್ಥಾನ ಮತ್ತು ಕೊಡಗಿನಲ್ಲಿ. ಬಾರಕೂರು ಆಗ ಮದ್ರಾಸಿನದು. ಅದರ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಏಳನೆಯ ಸಂಪುಟದಲ್ಲಿ, ತಮಿಳು, ಮಲಯಾಳ, ತೆಲುಗು ಶಾಸನಗಳ ಪಕ್ಕದಲ್ಲಿವೆ. ಇನ್ನಷ್ಟು ಮದ್ರಾಸಿನ ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಒಂದೆರಡು ಸಾಲಿನ ಸಾರಾಂಶವಾಗಿ ಕುಳಿತಿವೆ. ಕೆ.ವಿ. ರಮೇಶ್ ಇವನ್ನೆಲ್ಲ ಜಾಲಾಡಿ ವಿಜಯನಗರದ ಪತನದವರೆಗಿನ ದಕ್ಷಿಣ ಕೆನರಾದ ಇತಿಹಾಸ ಬರೆದರು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಅದನ್ನು ಪ್ರಕಟಿಸಿತು. 1978ರಲ್ಲಿ ಎಂ.ಜೆ. ಶರ್ಮರ ಜತೆ ಸೇರಿ ತುಳುನಾಡಿನ ಶಾಸನಗಳ ಪಾಠಗಳನ್ನು ಕನ್ನಡದಲ್ಲಿ ಒಂದೆಡೆ ತಂದರು. ಈ ನಡುವೆ, 1975ರಲ್ಲಿ, ಪಿ. ಗುರುರಾಜ ಭಟ್ಟರು ಊರೂರು ಸುತ್ತಿ ದೇವಾಲಯ, ಮೂರ್ತಿಶಿಲ್ಪ, ಶಾಸನಗಳನ್ನು ಪರಿಶೀಲಿಸಿ ತುಳುವರ ಇತಿಹಾಸ ಸಂಸ್ಕೃತಿಯ ಬೃಹತ್ ಇಂಗ್ಲಿಷ್ ಗ್ರಂಥ ಕೊಟ್ಟರು.

ಏಳನೆಯ ಸಂಪುಟದಲ್ಲಿ ನೋಡು ಎಂದು ಹೇಳುವುದು ಯಾರು? ಸರ್ಚ್ ಎಂಜಿನ್ ಹೇಳುವುದಿಲ್ಲ. ಏನು ಕೇಳಬೇಕೆಂದು ಗೊತ್ತಿದ್ದವನಿಗೆ ಮಾತ್ರ ಅದು ಉತ್ತರ ಕೊಡುತ್ತದೆ. ಗೊತ್ತಿಲ್ಲದವನಿಗೆ ದಾರಿ ಕಾಣುವುದು, ಈ ಪುಸ್ತಕಗಳೆಲ್ಲ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ನಿಂತಾಗ. ಸಂಪುಟದ ಬೆನ್ನಿನ ಮೇಲಿನ ಹೆಸರು ಓದುತ್ತ ಹೋದ ಹುಡುಗನಿಗೆ ತನ್ನ ಊರು ಒಂದು ಕಾಲದಲ್ಲಿ ಮದ್ರಾಸಿನದಾಗಿತ್ತು, ಆದ್ದರಿಂದ ತನ್ನ ಆಕರ ಅಲ್ಲಿದೆ ಎಂಬುದು ಹೊಳೆಯುತ್ತದೆ. 1807ರಲ್ಲಿ ಅಚ್ಚಾದ ಬುಕಾನನ್ನನ ಪ್ರವಾಸ ಕಥನ, 1894ರ ಸ್ಟರಕ್ ಅವರ ದಕ್ಷಿಣ ಕೆನರಾ ಮ್ಯಾನ್ಯುಯಲ್, ಮರುವರ್ಷ ಬಂದ ಸ್ಟುವರ್ಟ್ ಅವರ ಎರಡನೆಯ ಸಂಪುಟ, ಮದ್ರಾಸಿನ ಜನಗಣತಿ ವರದಿಗಳು, 1973ರ ರಾಜ್ಯ ಗೆಜೆಟಿಯರು ಹೀಗೆ ಒಂದು ಸಾಲಿನಲ್ಲಿ ಇದ್ದರೆ ಆ ಸಾಲೇ ಒಂದು ಪಾಠ. ಕಾಸರಗೋಡಿನ ಕನ್ನಡಿಗ ವಿದ್ಯಾರ್ಥಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಅವನ ಊರಿನ ಹಳೆಯ ಲೆಕ್ಕಪತ್ರ ದಕ್ಷಿಣ ಕೆನರಾದ ಹೆಸರಿನಲ್ಲಿದೆ, ಹೊಸದು ಕೇರಳದ ಹೆಸರಿನಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಲು ಅವನಿಗೆ ಮಂಗಳೂರಿನ ಇಂಥ ಕಪಾಟೇ ಬೇಕು.

ಭಾಷೆಯ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಹೆಚ್ಚುತ್ತದೆ. ನಿಘಂಟುಗಳನ್ನು ಕಪಾಟಿನಿಂದ ಇಳಿಸುವ ಮಾತು ಆಡುತ್ತಿರುವ ಈ ಊರು, ನಿಘಂಟುಗಳನ್ನು ಅಚ್ಚು ಹಾಕಿ ಲೋಕಕ್ಕೆ ಕೊಟ್ಟ ಊರು. ಬಾಸೆಲ್ ಮಿಶನ್ನಿನ ಮಂಗಳೂರಿನ ಮುದ್ರಣಾಲಯದಿಂದ 1872ರಲ್ಲಿ ಬ್ರಿಗೆಲ್‌ರ ತುಳು ವ್ಯಾಕರಣ ಬಂತು. ಅದೇ ವರ್ಷ ಕಿಟೆಲ್ ಸಂಪಾದಿಸಿದ ಶಬ್ದಮಣಿದರ್ಪಣ ಬಂತು. 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು, ಸುಮಾರು 18,000 ಪದಗಳೊಂದಿಗೆ. ಎರಡು ವರ್ಷದ ಬಳಿಕ ಇಂಗ್ಲಿಷ್–ತುಳು ನಿಘಂಟು. 1894ರಲ್ಲಿ ಕಿಟೆಲ್ ಕೋಶ: 1,700ಕ್ಕೂ ಮಿಕ್ಕ ಪುಟ, 70,000ದಷ್ಟು ಪದ. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸುವುದು 1883ರ ಮಾತು. ಇಟಲಿಯಿಂದ ಬಂದ ಜೆಸ್ವಿಟ್ ಪಾದ್ರಿ ಮಫೆಯಿ ಕೊಂಕಣಿಯ ನಿಘಂಟು ಸಿದ್ಧಪಡಿಸಿದಾಗ ಅದನ್ನು ಅಚ್ಚು ಹಾಕಿದ್ದು ಇದೇ ಬಾಸೆಲ್ ಮಿಶನ್ ಮುದ್ರಣಾಲಯ. ಧರ್ಮದ ವಿಷಯದಲ್ಲಿ ಪರಸ್ಪರ ಒಪ್ಪದ ಕ್ಯಾಥೊಲಿಕ್ ಪಾದ್ರಿಯೂ ಪ್ರೊಟೆಸ್ಟೆಂಟ್ ಅಚ್ಚುಕೂಟವೂ ಒಂದು ನಿಘಂಟಿನ ಕೆಲಸದಲ್ಲಿ ಒಟ್ಟಾದರು. ಜೆಸ್ವಿಟರು ಮಂಗಳೂರಿಗೆ ಬಂದು ಆಗ ಐದು ವರ್ಷವೂ ಪೂರ್ತಿ ಆಗಿರಲಿಲ್ಲ. ಇಂಥ ಊರಿನಲ್ಲಿ ಈ ಪುಸ್ತಕಗಳ ಪರ ವಾದಿಸಬೇಕಾಗಿ ಬಂದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಪರದೇಶದ ಪಾದ್ರಿಗಳ ಕೆಲಸವನ್ನೇ ಹೊಗಳುತ್ತಿದ್ದೀರಿ ಎನ್ನುವವರು ತುಳು ನಿಘಂಟನ್ನು ನೋಡಲಿ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯ, ಸುಶೀಲಾ ಉಪಾಧ್ಯಾಯ ಮತ್ತು ಸಂಗಡಿಗರು ಸಿದ್ಧಪಡಿಸಿದ ಆರು ಸಂಪುಟಗಳು 1988ರಿಂದ 1997ರವರೆಗೆ ಒಂದೊಂದಾಗಿ ಬಂದವು. ಅವರು ಹಳೆಯ ನಿಘಂಟು ನಕಲು ಮಾಡಲಿಲ್ಲ. ಜನರ ಬಳಿಗೆ ಹೋಗಿ ಪದ ಕೇಳಿದರು. ಯಾವ ಸೀಮೆಯಲ್ಲಿ, ಯಾವ ಸಮುದಾಯದಲ್ಲಿ ಪದ ಹೇಗೆ ಉಚ್ಚಾರವಾಗುತ್ತದೆ ಎಂದು ಗುರುತು ಮಾಡಿದರು. ಪಾಡ್ದನವೆಂಬ ತುಳು ಕಥನಗೀತೆ, ಗಾದೆ, ಒಗಟುಗಳಲ್ಲಿ ಅದು ಬಂದ ಬಗೆ ತೋರಿಸಿದರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅರ್ಥ ಕೊಟ್ಟರು. ಸೋದರ ಭಾಷೆಗಳ ಜ್ಞಾತಿಪದ ಸೇರಿಸಿದರು. ಬೇಸಾಯದ, ಮೀನುಗಾರಿಕೆಯ, ದೈವಾರಾಧನೆಯ ಎಷ್ಟೋ ಪದಗಳು ಅವನ್ನು ಆಡುತ್ತಿದ್ದವರ ಜತೆಗೇ ಹೋಗಿಬಿಡುತ್ತಿದ್ದವು. ಈ ಸಂಪುಟಗಳು ಅವನ್ನು ಹಿಡಿದಿಟ್ಟಿವೆ. ಒಂದು ತಲೆಮಾರಿನ ವಿದ್ವಾಂಸರ ಹತ್ತಾರು ವರ್ಷದ ದುಡಿಮೆ ಅದು. ಅದನ್ನು ಆರು ದಪ್ಪ ಪುಸ್ತಕ ಎಂದಷ್ಟೇ ಕಂಡವರಿಗೆ ಈ ಜಿಲ್ಲೆಯಲ್ಲಿ ವಿಶ್ವವಿದ್ಯಾನಿಲಯ ಯಾಕೆ ಬೇಕಾಯಿತು ಎಂಬುದೇ ಅರ್ಥವಾಗಿಲ್ಲ.

2022ರಲ್ಲಿ ಕಾಂತಾರ ಸಿನಿಮಾ ಬಂದ ಮೇಲೆ ಏನಾಯಿತು ನೋಡಿ. ಪಂಜುರ್ಲಿ, ಗುಳಿಗ ಎಂದರೆ ಯಾರು ಎಂದು ದೇಶವೆಲ್ಲ ಕೇಳಿತು. ಉತ್ತರ ಕೊಡಲು ನೂರಾರು ವಿಡಿಯೊಗಳು, ಬರಹಗಳು ಹುಟ್ಟಿಕೊಂಡವು. ಒಬ್ಬರದನ್ನು ಒಬ್ಬರು ನೋಡಿ ಬರೆದವೇ ಹೆಚ್ಚು. ಒಂದೇ ದೈವದ ಕಥೆ ಸೀಮೆಯಿಂದ ಸೀಮೆಗೆ, ಕಟ್ಟುವವರಿಂದ ಕಟ್ಟುವವರಿಗೆ ಬೇರೆಯಾಗುತ್ತದೆ ಎಂಬ ಪ್ರಾಥಮಿಕ ತಿಳಿವಳಿಕೆಯೂ ಅವುಗಳಲ್ಲಿ ಬಹಳಷ್ಟಕ್ಕೆ ಇರಲಿಲ್ಲ. ಹುಡುಕಿದಷ್ಟೂ ಅದೇ ಮಾತು ಸಿಗುತ್ತದೆ, ಹತ್ತು ಕಡೆ ಸಿಕ್ಕಿತೆಂದ ಮೇಲೆ ನಿಜವೇ ಇರಬೇಕು ಎನಿಸುತ್ತದೆ. ಪಾಡ್ದನಗಳನ್ನು ಮ್ಯಾನರ್ 1886ರಲ್ಲೇ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಬರ್ನೆಲ್ ಸಂಗ್ರಹಿಸಿದ್ದ ಸಾಮಗ್ರಿ ಅವರು ತೀರಿಕೊಂಡ ಬಳಿಕ, 1894ರಿಂದ ಇಂಡಿಯನ್ ಆಂಟಿಕ್ವರಿಯಲ್ಲಿ ಬಂತು. ಬಿ.ಎ. ವಿವೇಕ ರೈ ಅವರ ತುಳು ಜನಪದ ಸಾಹಿತ್ಯ, ಕೆ. ಚಿನ್ನಪ್ಪ ಗೌಡರ ಭೂತಾರಾಧನೆಯ ಅಧ್ಯಯನ ನಮ್ಮ ವಿಶ್ವವಿದ್ಯಾನಿಲಯ ಇರುವ ಇದೇ ಕೊಣಾಜೆಯ ವಿದ್ವತ್ ಪರಂಪರೆಯ ಫಲ. ಇವನ್ನು ಮೇಜಿನ ಮೇಲೆ ಹರಡಿಕೊಂಡು, ಎಲ್ಲಿ ಒಂದು ಪಾಠ ಇನ್ನೊಂದಕ್ಕಿಂತ ಬೇರೆ ಎಂದು ನೋಡುವವನು ಮಾತ್ರ ಆ ಪ್ರವಾಹದ ಎದುರು ನಿಂತು ಇದು ಹೀಗಲ್ಲ ಎನ್ನಬಲ್ಲ.

ಆಕರ ಗ್ರಂಥಗಳಿಗೆ ಕೈಮುಗಿದು ನಿಲ್ಲಿ ಎಂದು ನಾನು ಹೇಳುತ್ತಿಲ್ಲ. ಬರ್ನೆಲ್ ಬರಹದ ಶೀರ್ಷಿಕೆಯೇ ನಮ್ಮ ದೈವಗಳನ್ನು ಪಿಶಾಚಿಗಳೆಂದು ಕರೆಯುತ್ತದೆ. 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಥರ್ಸ್ಟನ್ ಅವರ ಜಾತಿ–ಬುಡಕಟ್ಟುಗಳ ಕೋಶದಲ್ಲಿ ಜನರ ಮೂಗಿನ ಅಳತೆಗಳಿವೆ. ಒಂದಿಡೀ ಸಮುದಾಯವನ್ನು ತಲೆಬುರುಡೆಯ ಲೆಕ್ಕದಲ್ಲಿ ವಿವರಿಸುವ ಆ ಕಾಲದ ದುರಹಂಕಾರವಿದೆ. ಇಂಥ ಪುಸ್ತಕ ಕಪಾಟಿನಲ್ಲಿ ಇರಬೇಕೇ ಎಂದು ಕೇಳುವ ಯುವಕರ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಇರಬೇಕು ಎಂಬುದೇ ನನ್ನ ಉತ್ತರ. ಥರ್ಸ್ಟನ್ ಹೇಳಿದ್ದು ಇಂದಿಗೂ ಹೆಸರಿಲ್ಲದೆ, ವರ್ಷವಿಲ್ಲದೆ, ನೂರು ಜಾಲತಾಣಗಳಲ್ಲಿ ಸತ್ಯವೆಂದು ಓಡಾಡುತ್ತಿದೆ. ಅದು 1909ರ ಆಳುವವನ ಕಣ್ಣಿನ ಮಾತು ಎಂದು ತೋರಿಸಿಕೊಡಬೇಕಾದರೆ ಮೂಲ ಸಂಪುಟ ಕೈಯಲ್ಲಿರಬೇಕು, ಪಕ್ಕದಲ್ಲಿ ಅದನ್ನು ತಿದ್ದಿದ ನಂತರದವರ ಕೆಲಸವೂ ಇರಬೇಕು. ತಪ್ಪನ್ನು ಯಾರು ಮಾಡಿದರು ಎಂದು ಹೆಸರು ಹಿಡಿದು ಹೇಳಲು ಸಾಧ್ಯವಾಗುವುದು ಹೆಸರು, ವರ್ಷ, ಪುಟ ಇರುವ ಪುಸ್ತಕದಲ್ಲಿ ಮಾತ್ರ. ಈಗ ಹೊಸದಾಗಿ ಬಂದಿರುವ ಕೃತಕ ಬುದ್ಧಿಮತ್ತೆಯ ಉತ್ತರಗಳಿಗೂ ಇದೇ ಮಾತು ಸಲ್ಲುತ್ತದೆ. ಅವು ನಯವಾಗಿ ಉತ್ತರಿಸುತ್ತವೆ. ಆ ಉತ್ತರ ಸರಿಯೇ ಎಂದು ನೋಡಲು ಮತ್ತೆ ಪುಟವೇ ಬೇಕು.

ಎದುರು ಪಕ್ಷದ ಗಟ್ಟಿ ವಾದ ಒಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಸುಳ್ಯದ, ಬೆಳ್ತಂಗಡಿಯ ಒಳಹಳ್ಳಿಯ ಹುಡುಗಿ ಒಂದು ಪದದ ಅರ್ಥ ನೋಡಲು ಎರಡು ಬಸ್ಸು ಬದಲಿಸಿ ಕೊಣಾಜೆಯ ಗುಡ್ಡ ಹತ್ತಬೇಕೇ? ಬೇಡ. ಕಿಟೆಲ್ ಕೋಶದ ಸ್ಕ್ಯಾನ್ ಪ್ರತಿ ನೆಟ್ಟಿನಲ್ಲಿ ಸಿಗುತ್ತದೆ. ವಿ. ಕೃಷ್ಣ ಅವರು ಹಲವು ದಶಕ ಒಬ್ಬರೇ ದುಡಿದು ಕಟ್ಟಿದ ಕನ್ನಡ–ಇಂಗ್ಲಿಷ್ ಕೋಶ ಅಲರ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಇವು ದೊಡ್ಡ ಉಪಕಾರಗಳು. ಡಿಜಿಟಲೀಕರಣದ ವಿರುದ್ಧ ಒಂದಕ್ಷರವೂ ನನ್ನಲ್ಲಿಲ್ಲ. ಇನ್ನೂ ಹತ್ತುಪಾಲು ಆಗಬೇಕು. ನನ್ನ ತಕರಾರು ಇರುವುದು, ಸ್ಕ್ಯಾನ್ ಆಯಿತು ಆದ್ದರಿಂದ ಪುಸ್ತಕ ಬೇಡ ಎಂಬ ಜಿಗಿತದ ಬಗ್ಗೆ.

ಸ್ಕ್ಯಾನ್ ಪ್ರತಿ ಎಂದರೆ ಪುಟದ ಚಿತ್ರ. ಹತ್ತೊಂಬತ್ತನೆಯ ಶತಮಾನದ ಮಂಗಳೂರು ಅಚ್ಚಿನ ಮೊಳೆಗಳನ್ನು, ಒಂದೇ ಸಾಲಿನಲ್ಲಿ ಬರುವ ಕನ್ನಡ, ರೋಮನ್, ನಾಗರಿ ಅಕ್ಷರಗಳನ್ನು ಯಂತ್ರ ಸರಿಯಾಗಿ ಓದುವುದು ಇಂದಿಗೂ ಕಷ್ಟ. ಓದದಿದ್ದರೆ ಹುಡುಕಲು ಬರುವುದಿಲ್ಲ. ತಪ್ಪಾಗಿ ಓದಿದರೆ ಇನ್ನೂ ಕೆಡುಕು, ಪದ ಇಲ್ಲವೇ ಇಲ್ಲ ಎಂದು ಅದು ಹೇಳಿಬಿಡುತ್ತದೆ. ತುಳು–ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದೇ 2024ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ಆ ಲಿಪಿಯ ಒಂದು ಅಕ್ಷರವನ್ನೂ ಕಂಪ್ಯೂಟರಿನಲ್ಲಿ ಎಲ್ಲರಿಗೂ ಒಪ್ಪುವ ರೀತಿಯಲ್ಲಿ ದಾಖಲಿಸಲು ಆಗುತ್ತಿರಲಿಲ್ಲ. ಎಲ್ಲವೂ ನೆಟ್ಟಿನಲ್ಲಿದೆ ಎನ್ನುವವರು ಈ ಎಲ್ಲದರಲ್ಲಿ ಯಾವ್ಯಾವ ಭಾಷೆ ಸೇರಿದೆ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಇದ್ದದ್ದಾದರೂ ಉಳಿಯುತ್ತದೆಯೇ? ನಮ್ಮದೇ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಲಕ್ಷಾಂತರ ಪುಸ್ತಕಗಳಿದ್ದವು, ಸಾವಿರಾರು ಕನ್ನಡದವು. ಹಕ್ಕುಸ್ವಾಮ್ಯದ ತಕರಾರಿನಲ್ಲಿ ಆ ತಾಣ ಮುಚ್ಚಿತು. ಅದರ ಬಹಳಷ್ಟು ಪುಸ್ತಕಗಳು ಇಂದು ಓದಲು ಸಿಗುತ್ತಿರುವುದು ಬೇರೆಯವರು ಇಂಟರ್‌ನೆಟ್ ಆರ್ಕೈವ್‌ಗೆ ನಕಲು ಮಾಡಿಟ್ಟಿದ್ದರಿಂದ. ಆ ಆರ್ಕೈವ್ ಕೂಡ 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಹಲವು ದಿನ ಬಾಗಿಲು ಹಾಕಿತ್ತು. ಅದಕ್ಕೂ ಒಂದು ವರ್ಷ ಹಿಂದೆ, 2023ರ ಅಕ್ಟೋಬರಿನಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಗಣಕ ವ್ಯವಸ್ಥೆ ದಾಳಿಗೊಳಗಾಗಿ ಅದರ ಸೂಚಿಯೂ ಡಿಜಿಟಲ್ ಸಂಗ್ರಹವೂ ತಿಂಗಳುಗಟ್ಟಲೆ ಕೈಗೆ ಸಿಗಲಿಲ್ಲ. ಲೋಕದ ಅತಿ ದೊಡ್ಡ, ಹಣವಂತ ಗ್ರಂಥಾಲಯಗಳಲ್ಲಿ ಒಂದರ ಪಾಡು ಇದು. ಅಲ್ಲಿ ಓದುವ ಕೋಣೆಯ ತೆರೆದ ಕಪಾಟಿನ ಪುಸ್ತಕಗಳನ್ನು ಮಾತ್ರ ಯಾವ ದಾಳಿಕೋರನೂ ಮುಟ್ಟಲಾಗಲಿಲ್ಲ.

ಚಂದಾ ಕಟ್ಟಿ ಪಡೆಯುವ ಸಾಮಗ್ರಿಯ ಕಥೆ ಬೇರೆ. ಒಂದು ದೇಶ ಒಂದು ಚಂದಾ ಎಂಬ ಕೇಂದ್ರ ಸರಕಾರದ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರಾಗಿದೆ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಅದರಲ್ಲಿ ಸಿಗುತ್ತವೆ. ವಿಜ್ಞಾನ ವಿಭಾಗಗಳಿಗೆ ಇದು ನಿಜವಾದ ವರ. ತುಳು ನಿಘಂಟು, ಯಕ್ಷಗಾನ ಪದಕೋಶ, ನರಸಿಂಹಾಚಾರ್ಯರ ಕವಿಚರಿತೆ ಅಲ್ಲಿ ಇರುವುದಿಲ್ಲ, ಇರುವುದಕ್ಕೆ ಅದು ಅವುಗಳಿಗಾಗಿ ಮಾಡಿದ ಯೋಜನೆಯೂ ಅಲ್ಲ. ಈ ಚಂದಾ ಬಂತೆಂದು ಮಾನವಿಕ ವಿಭಾಗದ ಪುಸ್ತಕ ಖರೀದಿಯನ್ನು ಕಡಿತ ಮಾಡಿದರೆ, ನಾವು ಬಾಡಿಗೆ ಮನೆಗೆ ಹೋದ ಖುಷಿಯಲ್ಲಿ ತರವಾಡು ಮನೆ ಕೆಡವಿದ ಹಾಗಾಗುತ್ತದೆ. ಚಂದಾ ನಿಂತ ದಿನ ಬಾಡಿಗೆಯ ಓದು ನಿಲ್ಲುತ್ತದೆ.

ನೆಟ್ಟಿನ ಒಳ್ಳೆಯ ಭಾಗವೂ ಈ ಕಪಾಟಿನ ಮೇಲೆಯೇ ನಿಂತಿದೆ ಎಂಬುದನ್ನೂ ಹೇಳಬೇಕು. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಬಂತು, ಅದಕ್ಕಾಗಿ ದುಡಿದ ಯುವಕರನ್ನು ಎಷ್ಟು ಹೊಗಳಿದರೂ ಕಡಿಮೆ. ವಿಕಿಪೀಡಿಯದ ನಿಯಮ ಏನು? ಬರೆದದ್ದಕ್ಕೆ ಆಧಾರ ಕೊಡಬೇಕು. ತುಳುನಾಡಿನ ಒಂದು ಬಸದಿಯ ಬಗ್ಗೆ, ಒಂದು ಕುಣಿತದ ಬಗ್ಗೆ ಬರೆಯುವವನು ಆ ಆಧಾರಕ್ಕೆ ಎಲ್ಲಿಗೆ ಹೋಗಬೇಕು? ಮತ್ತೆ ಗುರುರಾಜ ಭಟ್ಟರ ಪುಸ್ತಕಕ್ಕೆ, ಮತ್ತೆ ನಿಘಂಟಿನ ಸಂಪುಟಕ್ಕೆ.

ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರ ಹೆಸರು ಹೇಳಿ ಈ ಪುಸ್ತಕಗಳನ್ನು ಹೊರಹಾಕುವುದು ನನಗೆ ಅತ್ಯಂತ ಬೇಸರದ ವಾದ. ಅವರಿಗೆ ಕೆಲಸ ಬೇಕು, ಕೂರಲು ಜಾಗ ಬೇಕು, ಗೈಡುಗಳೂ ಬೇಕು. ಜಿಲ್ಲಾ ಗ್ರಂಥಾಲಯ, ನಗರ ಗ್ರಂಥಾಲಯ, ಕಾಲೇಜುಗಳು ಇದಕ್ಕೆ ಜಾಗ ಮಾಡಲಿ, ವಿಶ್ವವಿದ್ಯಾನಿಲಯವೂ ಇನ್ನೊಂದು ಕೋಣೆ ಕಟ್ಟಲಿ. ಒಂದು ವರ್ಷದಲ್ಲಿ ಹಳತಾಗುವ ಗೈಡು ಎಲ್ಲಿ ಬೇಕಾದರೂ ಕೊಳ್ಳಲು ಸಿಗುತ್ತದೆ. ಮರುಮುದ್ರಣ ಕಾಣದ ಶಾಸನ ಸಂಪುಟ ಹೋದರೆ ಹೋಯಿತು. ಬಡ ವಿದ್ಯಾರ್ಥಿಯನ್ನೂ ಹಳೆಯ ಪುಸ್ತಕವನ್ನೂ ಪರಸ್ಪರ ಎದುರಾಳಿಗಳನ್ನಾಗಿ ನಿಲ್ಲಿಸುವುದು ತಪ್ಪು. ಅಂಥ ಪುಸ್ತಕವನ್ನು ಸ್ವಂತಕ್ಕೆ ಕೊಳ್ಳಲಾಗದವನು ಆ ಬಡ ವಿದ್ಯಾರ್ಥಿಯೇ. ಗೋವಿಂದ ಪೈಗಳು ಮಂಜೇಶ್ವರದ ತಮ್ಮ ಮನೆಯಲ್ಲೇ ಹಲವು ಭಾಷೆಗಳ ದೊಡ್ಡ ಗ್ರಂಥಭಂಡಾರ ಇಟ್ಟುಕೊಂಡು ಬರೆದರು, ಅವರಿಗೆ ಅದು ಸಾಧ್ಯವಿತ್ತು. ಅದು ಇಲ್ಲದವರಿಗಾಗಿಯೇ ಸಾರ್ವಜನಿಕ ಹಣದಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಾಲಯ ಕಟ್ಟಿದ್ದು.

ಮಳೆಯ ವಾದವೂ ಕಿವಿಗೆ ಬೀಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿನಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬರುತ್ತದೆ, ಇಟ್ಟು ಪ್ರಯೋಜನವೇನು ಎನ್ನುತ್ತಾರೆ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ಇದೇ ಮಳೆಯಲ್ಲಿ ಬಾಸೆಲ್ ಮಿಶನ್ನಿನ ಕಾಲದ ಅಚ್ಚು ಪುಸ್ತಕಗಳನ್ನೂ ಓಲೆಗರಿಗಳನ್ನೂ ಉಳಿಸಿಕೊಂಡು ಬಂದಿದೆ. ತೇವ ತೆಗೆಯುವ ಯಂತ್ರಕ್ಕೂ ಬೈಂಡಿಂಗಿಗೂ ತಗಲುವ ಹಣ ಒಂದು ವಿಶ್ವವಿದ್ಯಾನಿಲಯದ ಬಜೆಟ್ಟಿನಲ್ಲಿ ದೊಡ್ಡದಲ್ಲ.

ಹಾಗಾದರೆ ಒಂದು ಪುಸ್ತಕವನ್ನೂ ತೆಗೆಯಬಾರದೇ? ತೆಗೆಯಬಹುದು. ಹಳೆಯ ಇಂಗ್ಲಿಷ್ ವಾರ್ಷಿಕ ಕೈಪಿಡಿಗಳು, ವಿಳಾಸಕೋಶಗಳು, ಹತ್ತು ಕಡೆ ಸಿಗುವ ಸಾಮಾನ್ಯ ವಿಶ್ವಕೋಶಗಳ ಹೆಚ್ಚಿನ ಪ್ರತಿಗಳು ಹೋಗಲಿ. ಆದರೆ ತೆಗೆಯುವ ಮೊದಲು ಪಟ್ಟಿ ಪ್ರಕಟವಾಗಲಿ, ಕನ್ನಡ, ಇತಿಹಾಸ, ಜಾನಪದ ವಿಭಾಗದವರು ಸಹಿ ಹಾಕಲಿ. ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯ ಬಗ್ಗೆ ಬರೆದ 1971ರ ಗ್ರಂಥದಂಥದ್ದು ಕೇವಲ ಅಂಕಿ ನೋಡುವವನ ಕೈಗೆ ಸಿಗದಿರಲಿ. ಕೊರಗ ಸಮುದಾಯದ ಯಾರಾದರೊಬ್ಬರು ತಮ್ಮ ಹಿರಿಯರ ನುಡಿಯನ್ನು ಅಧ್ಯಯನ ಮಾಡಲು ನಾಳೆ ಕೊಣಾಜೆಗೆ ಬಂದರೆ ಮೊದಲು ಕೇಳುವ ಪುಸ್ತಕ ಅದು.

ಇರುವುದನ್ನು ಉಳಿಸಿದರಷ್ಟೇ ಸಾಲದು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಕೂತು, ಬೆನ್ನಿಗೆ ಯಾವ ವಿಶ್ವವಿದ್ಯಾನಿಲಯವೂ ಇಲ್ಲದೆ, 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚ ತಂದರು, ಆಮೇಲೆ ವಿಜ್ಞಾನ ಪ್ರಪಂಚಕ್ಕೂ ಕೈಹಾಕಿದರು. 1980ರಲ್ಲಿ ಸ್ಥಾಪನೆಯಾದ ನಮ್ಮ ವಿಶ್ವವಿದ್ಯಾನಿಲಯಕ್ಕೆ ಕನ್ನಡ ಅಧ್ಯಯನ ಸಂಸ್ಥೆ ಇದೆ, ಪ್ರಸಾರಾಂಗ ಇದೆ, ಗ್ರಂಥಾಲಯ ಇದೆ. ಈ ಜಿಲ್ಲೆಗಳ ಆಕರಗಳು ಎಲ್ಲೆಲ್ಲಿವೆ ಎಂದು ಹೇಳುವ ಒಂದು ಸಮಗ್ರ ಸೂಚಿಯನ್ನು ಈ ಮೂರೂ ಸೇರಿ ತಯಾರಿಸಬೇಕು: ಬಲ್ಮಠದಲ್ಲಿ ಏನಿದೆ, ಸಂತ ಅಲೋಶಿಯಸ್‌ನಲ್ಲಿ ಏನಿದೆ, ಉಡುಪಿಯಲ್ಲಿ, ಚೆನ್ನೈಯಲ್ಲಿ, ಕಾಸರಗೋಡಿನಲ್ಲಿ ಏನಿದೆ, ಯಾವುದು ಸ್ಕ್ಯಾನ್ ಆಗಿದೆ, ಯಾವುದು ಇನ್ನೂ ಆಗಿಲ್ಲ. ಅದು ಅಚ್ಚಿನಲ್ಲೂ ಬರಲಿ, ನೆಟ್ಟಿನಲ್ಲೂ ಬರಲಿ. ಮೊದಲ ಭಾಗ ಶಾಸನಗಳದ್ದಾಗಲಿ. ಚದುರಿಹೋಗಿರುವುದು ಅದೇ ಹೆಚ್ಚು, ಮತ್ತು 1978ರ ರಮೇಶ್–ಶರ್ಮರ ಸಂಕಲನದ ಬಳಿಕ ಗದ್ದೆಯ ಬದುವಿನಲ್ಲಿ, ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಸಿಕ್ಕ ಎಷ್ಟೋ ಶಾಸನಗಳ ಸುದ್ದಿ ದಿನಪತ್ರಿಕೆಯ ಜಿಲ್ಲಾ ಪುಟದ ಒಂದು ಕಾಲಂನಲ್ಲಿ ಬಂದು ಅಲ್ಲಿಗೇ ನಿಂತಿದೆ.